ಕರ್ತನೇ, ಆ ಅಂಕಲ್‌ಗೆ ಹೇಳು

ತಾನು ಗೊರಕೆ ಹೊಡೆಯುತ್ತೇನೆ ಎಂಬ ಸಂಗತಿ ಪ್ರತಾಪನಿಗೆ ಮೊದಲು ಗೊತ್ತಾದದ್ದು ದೇವರ ಮೂಲಕ.

ಮದುವೆಯಾಗಿ ಇನ್ನೂ ವಾರ ತುಂಬಿರಲಿಲ್ಲ. ಚೆನ್ನೈನ ಪೆರಂಬೂರಿನ ಬಾಡಿಗೆ ಮನೆಯಲ್ಲಿ ಸಂಜೆಯ ಪ್ರಾರ್ಥನೆಗೆ ಎಲ್ಲರೂ ಚಾಪೆಯ ಮೇಲೆ ಕೂತಿದ್ದರು. ಎಲ್ಲರೂ ಅಂದರೆ ಪ್ರತಾಪ, ಅವನ ಹೆಂಡತಿ ಕೃತಿ, ಕೃತಿಯ ತಾಯಿ ರತ್ನಾವತಿ, ಮತ್ತೆ ಕೃತಿಯ ಮೊದಲ ಮದುವೆಯ ಮಗಳು ಮೌನ. ಪ್ರಾರ್ಥನೆ ಚಿಕ್ಕವರಿಂದ ಶುರುವಾಗಬೇಕು ಎಂಬುದು ಆ ಮನೆಯ ಪದ್ಧತಿ. ಏಳು ವರ್ಷದ ಮೌನ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಅಂಗಡಿಯವನಿಗೆ ಸಾಮಾನು ಹೇಳುವ ಧಾಟಿಯಲ್ಲಿ ಹೇಳಿದಳು:

"ಕರ್ತನೇ, ಅಜ್ಜಿ ಮಂಡಿ ವಾಸಿ ಮಾಡು. ಅಮ್ಮನ್ನ ಆಫೀಸಲ್ಲಿ ಬೈಯೋರನ್ನ ನೀನು ಬೈಯಿ. ಆಮೇಲೆ ಆ ಅಂಕಲ್‌ಗೆ ಹೇಳು, ರಾತ್ರಿ ಗೊರಕೆ ಹೊಡೀಬಾರ್ದು ಅಂತ. ಗ್ರೈಂಡರ್ ಥರ ಬರತ್ತೆ. ಆಮೆನ್."

ಪ್ರತಾಪ ಕಣ್ಣು ಬಿಟ್ಟ. ಕೃತಿಯ ಭುಜ ಕುಣಿಯುತ್ತಿತ್ತು. ರತ್ನಾವತಿ ಒಂದೇ ಕಣ್ಣು ತೆರೆದು ಅಳಿಯನನ್ನು ನೋಡಿ, ಏನೂ ಆಗಿಲ್ಲವೆಂಬಂತೆ ಅದನ್ನು ಮುಚ್ಚಿಕೊಂಡರು. ಊಟವಾದ ಮೇಲೆ ಅಡುಗೆಮನೆಯ ಬಾಗಿಲಲ್ಲಿ ಅವನನ್ನು ನಿಲ್ಲಿಸಿ ಕಾನೂನು ತಿಳಿಸಿದರು.

"ನೋಡು ಪ್ರತಾಪಾ, ಪ್ರಾರ್ಥನೇಲಿ ಹೇಳಿದ್ದಕ್ಕೆ ನಮ್ಮನೇಲಿ ಯಾರೂ ಬೈಯೋ ಹಾಗಿಲ್ಲ, ನಗೋ ಹಾಗಿಲ್ಲ, ಆಮೇಲೆ ಎತ್ತಿ ಆಡೋ ಹಾಗಿಲ್ಲ. ಅದು ಹೇಳಿದೋರಿಗೂ ಅವನಿಗೂ ಮಧ್ಯೆ. ಮೌನಳ ತಾತ ಒಂದ್ಸಲ ಕುಡಿದು ಬಂದಿದ್ದನ್ನ ಪ್ರಾರ್ಥನೇಲೇ ಒಪ್ಪಿಕೊಂಡ್ರು. ನಾನು ತುಟಿ ಪಿಟಕ್ ಅನ್ಲಿಲ್ಲ."

"ಬೈಲೇ ಇಲ್ಲೇನ್ರಿ ಅತ್ತಿ?"

"ಬೈದೆ. ಬೇರೆ ಕಾರಣಕ್ಕೆ ಬೈದೆ. ಗಂಡನ್ನ ಬೈಯೋಕೆ ಕಾರಣ ಸಿಗೋದು ಕಷ್ಟಾನಾ?"

ಇನ್ನೊಂದು ಕಾನೂನೂ ಇತ್ತು. ಪ್ರಾರ್ಥನೆ ಕನ್ನಡದಲ್ಲೇ ಆಗಬೇಕು. ರತ್ನಾವತಿಯ ಗಂಡ ರೈಲ್ವೆ ಕೆಲಸಕ್ಕೆಂದು ಮೈಸೂರಿನಿಂದ ಬಂದು ಇಲ್ಲೇ ನೆಲೆಯೂರಿದವರು. ಮನೆಯ ಮಾತಿಗೆ ತಮಿಳು ಸೇರಿ ಯಾವ ಕಾಲವಾಯಿತೋ. ಮೌನ ಶಾಲೆಯಲ್ಲಿ ತಮಿಳು, ಮೆಟ್ಟಿಲ ಕೆಳಗಿನ ಗೆಳತಿಯರ ಜೊತೆ ತಮಿಳು, ಅಮ್ಮ ಕನ್ನಡದಲ್ಲಿ ಕೇಳಿದರೆ ತಮಿಳಲ್ಲಿ ಉತ್ತರ. "ಹೊರಗೆ ಏನಾದ್ರೂ ಮಾತಾಡ್ಕೊ, ನಮ್ಮನೆ ದೇವರಿಗೆ ಕನ್ನಡಾನೇ ಬರೋದು" ಎಂದು ಅಜ್ಜಿ ಹೇಳಿಬಿಟ್ಟಿದ್ದರಿಂದ, ಆ ಹುಡುಗಿ ದಿನಕ್ಕೊಂದು ಸಲ, ದೇವರೊಬ್ಬನ ಹತ್ತಿರ ಮಾತ್ರ ಕನ್ನಡ ಆಡುತ್ತಿದ್ದಳು.

ಗದುಗಿನಿಂದ ಬಂದು ಚೆನ್ನೈನ ವಿಮಾ ಕಚೇರಿಯಲ್ಲಿ ಕ್ಲೇಮು ನೋಡಿಕೊಳ್ಳುತ್ತಿದ್ದ ಪ್ರತಾಪನಿಗೆ ಆ ಕನ್ನಡದಲ್ಲಿ ಪಾಲಿರಲಿಲ್ಲ. ತಮಿಳಲ್ಲೂ ಇರಲಿಲ್ಲ. ಮೌನ ಅವನ ಜೊತೆ ಮಾತಾಡುತ್ತಿರಲಿಲ್ಲ, ಅಷ್ಟೇ. ಒರಟೇನಲ್ಲ. "ಊಟ ಆತೇನವಾ?" ಅಂದರೆ ತಲೆ ಆಡಿಸುವಳು. ಚಾಕಲೇಟು ಕೊಟ್ಟರೆ ತೆಗೆದುಕೊಳ್ಳುವಳು. ಬಸ್ಸಿನಲ್ಲಿ ಪಕ್ಕದ ಸೀಟಿನವನ ಜೊತೆ ಇರುವಷ್ಟು ಸೌಜನ್ಯ. ಅಪ್ಪ ಎಂಬ ಜಾಗದಲ್ಲಿ ಆಗಲೇ ಒಂದು ಫೋಟೋ ಕೂತಿತ್ತು. ಅವಳು ನಡೆಯಲು ಕಲಿಯುವ ಮೊದಲೇ ಕಾಯಿಲೆಯಿಂದ ತೀರಿಹೋದ ನಿಶಾಂತ್, ಟಿವಿಯ ಮೇಲಿನ ಗೂಡಿನಲ್ಲಿ ನಗುತ್ತಿದ್ದ. ಶನಿವಾರದ ಧೂಳು ಒರೆಸುವ ಕೆಲಸ ಪ್ರತಾಪನ ಪಾಲಿಗೆ ಬಂದದ್ದರಿಂದ ಆ ಫೋಟೋವನ್ನೂ ಅವನೇ ಒರೆಸುತ್ತಿದ್ದ. ಸತ್ತವನ ಮೇಲೆ ಜಿದ್ದು ಸಾಧಿಸುವ ಜಾತಿಯ ಮನುಷ್ಯ ಅವನಲ್ಲ.

ಆದರೆ ದೇವರ ಮೇಲೆ ಅವನಿಗೆ ಹೊಟ್ಟೆಕಿಚ್ಚು ಬರತೊಡಗಿತು. ಒಂದು ಸಂಜೆ ಮೌನ, "ಕರ್ತನೇ, ಶೂ ಟೈಟು, ಬೆರಳು ಮಡಚಿಕೊಂಡು ಹಾಕ್ಕೋತೀನಿ" ಅಂದಳು. ಮರುದಿನ ಪ್ರತಾಪ ಹಳೆಯ ಶೂ ಅಳತೆಗೆ ಹಿಡಿದುಕೊಂಡು ಅಂಗಡಿ ಅಂಗಡಿ ತಿರುಗಿ ಹೊಸ ಜೋಡಿ ತಂದ. ಅಂದು ಸಂಜೆ ಅವಳು ಕಣ್ಣು ಮುಚ್ಚಿ, "ಕರ್ತನೇ, ಶೂ ಕೊಟ್ಟಿದ್ದಕ್ಕೆ ಸ್ತೋತ್ರ. ಕಲರ್ ಪರವಾಗಿಲ್ಲ" ಅಂದಳು. ಅಂಕಲ್‌ನ ಸುದ್ದಿಯೇ ಇಲ್ಲ. ಬಿಸಿಲಲ್ಲಿ ತಿರುಗಿದವನು ಇವನು, ಸ್ತೋತ್ರ ಮೇಲಿನವನಿಗೆ.

"ಪೋಸ್ಟ್‌ಮನ್ ಆಗೀನಿ ನಾನು" ಎಂದು ಅವನು ಅತ್ತೆಯ ಹತ್ತಿರ ಗೊಣಗಿದ.

ರತ್ನಾವತಿ ಬೀನ್ಸ್ ಮುರಿಯುತ್ತಿದ್ದರು. "ನೀನು ಮಾತ್ರ ಏನು ಮಾಡ್ತೀಯ? ಅನ್ನ ಅವನು ಕೊಡ್ತಾನೆ, ನೀನು ಕಂಪನಿಗೆ ಥ್ಯಾಂಕ್ಸ್ ಹೇಳ್ತೀಯ. ಅವನು ಒಂದು ದಿನಾನಾದ್ರೂ ಮುಖ ಊದಿಸಿಕೊಂಡಿದ್ದಾನಾ?"

ಮಾತು ಸರಿಯೇ. ಆದರೆ ಸರಿಯಾದ ಮಾತಿನಿಂದ ಮನುಷ್ಯನಿಗೆ ಸಮಾಧಾನವಾಗುತ್ತದೆಂದು ಯಾರು ಹೇಳಿದರು?

ನಿಜ ಹೇಳಬೇಕೆಂದರೆ ಪ್ರತಾಪನ ಪ್ರಾರ್ಥನೆಯೂ ಪ್ರಾರ್ಥನೆಯಂತೆ ಇರುತ್ತಿರಲಿಲ್ಲ, ಅರ್ಜಿಯಂತೆ ಇರುತ್ತಿತ್ತು. "ಸರ್ವಶಕ್ತನೂ ಸರ್ವಾಧಿಕಾರಿಯೂ ಆದ ದೇವರೇ, ಈ ದೀನ ದಾಸನು ತಮ್ಮ ಪಾದಸನ್ನಿಧಿಯಲ್ಲಿ ವಿನಮ್ರವಾಗಿ ಬಿನ್ನವಿಸುವುದೇನೆಂದರೆ" ಎಂದು ಶುರುವಾದರೆ, ವಿಷಯಕ್ಕೆ ಬರುವಷ್ಟರಲ್ಲಿ ಸಾರು ಆರಿರುತ್ತಿತ್ತು. ಗದುಗಿನಲ್ಲಿ ಅವನ ಅಪ್ಪ ಹೈಸ್ಕೂಲು ಹೆಡ್‌ಮಾಸ್ತರರು. ಕೆಟ್ಟವರಲ್ಲ, ಹೊಡೆದವರೂ ಅಲ್ಲ. ಆದರೆ ಅವರ ಕೋಣೆಗೆ ಒಂದು ಬಾಗಿಲಿತ್ತು. ಪ್ರತಾಪನಿಗೆ ಏನು ಬೇಕಾದರೂ ಅವ್ವನಿಗೆ ಹೇಳಬೇಕು. ಅವ್ವ ಒಳಗೆ ಹೋಗಿ ಹೇಳಬೇಕು. ಅವನು ಹೊಸ್ತಿಲಾಚೆ ನಿಂತು ಫಲಿತಾಂಶ ಕಾಯಬೇಕು. ಸೈಕಲ್ ಬಂತು, ಕಾಲೇಜು ಫೀಸು ಬಂತು, ಎಲ್ಲ ಬಂತು. ಅಪ್ಪನ ಮುಖ ನೋಡಿ ಇದು ಕೊಡಿಸು ಅಂದದ್ದು ಮಾತ್ರ ನೆನಪಿಲ್ಲ. ಅಪ್ಪ ಅಂದರೆ ಕೆಲಸದಲ್ಲಿರುವವರು, ಅವರಿಗೆ ತೊಂದರೆ ಕೊಡಬಾರದು. ಹಾಗೆಂದೇ ಅವನು ಬೆಳೆದ. ಪರಲೋಕದ ತಂದೆಯ ಬಗ್ಗೆಯೂ ಅವನಿಗಿದ್ದ ತಿಳಿವಳಿಕೆ ಅಷ್ಟೇ: ಇನ್ನೂ ದೊಡ್ಡ ಮೇಜು, ಇನ್ನೂ ಗಟ್ಟಿ ಬಾಗಿಲು.

ಈಗ ಈ ಹುಡುಗಿ ಅದೇ ಆಟವನ್ನು ಇವನ ಮೇಲೆ ಆಡುತ್ತಿದ್ದಳು, ಅವ್ವನ ಬದಲು ದೇವರನ್ನು ನಡುವೆ ಇಟ್ಟುಕೊಂಡು. ಮತ್ತು ಬಾಗಿಲ ಒಳಗಡೆ ಕೂತವನಿಗೆ ಹೇಗಿರುತ್ತದೆ ಎಂದು ಅವನಿಗೆ ಮೊದಲ ಸಲ ಗೊತ್ತಾಗುತ್ತಿತ್ತು. ಚೆನ್ನಾಗಿರುವುದಿಲ್ಲ. ಅವಳು ಅಪ್ಪ ಅನ್ನಬೇಕೆಂದು ಅವನೇನೂ ಹಟ ಹಿಡಿದಿರಲಿಲ್ಲ. ಒಂದೇ ಒಂದು ಸಲ ಕಣ್ಣು ಬಿಟ್ಟುಕೊಂಡು, ಅವನ ಮುಖ ನೋಡಿ, ಏನಾದರೂ ಕೇಳಲಿ. ಏನಾದರೂ. ಪೆನ್ಸಿಲ್ ಆದರೂ ಸರಿ.

ಅಲ್ಲಿಯವರೆಗೆ ಅವಳ ಪ್ರಾರ್ಥನೆಯೇ ಗತಿ. ದಿನವೂ ಸಂಜೆ ಕಿವಿ ನಿಮಿರಿಸಿ ಕೂರುತ್ತಿದ್ದ. ಒಂದು ದಿನ ಒಳ್ಳೆಯ ಸುದ್ದಿ ಬಂತು.

"ಕರ್ತನೇ, ನಮ್ಮ ಕ್ಲಾಸಲ್ಲಿ ರಾಯಪುರಂ ಹುಡುಗಿ ಇದಾಳಲ್ಲ, ಅವಳು ಕಾಸಿಮೇಡಲ್ಲಿ ನನಗಿಂತ ಉದ್ದ ಮೀನು ಬರತ್ತೆ ಅಂತಾಳೆ. ಸುಳ್ಳು ತಾನೇ? ನೀನೇ ಮಾಡಿದ್ದು, ನಿಂಗೆ ಗೊತ್ತಿರತ್ತೆ. ನಿಜ ಆದ್ರೆ ತೋರ್ಸು."

ಪ್ರತಾಪ ಅದನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಂಡ. ಒಂದು ಭಾನುವಾರ ಆ ಮೀನು ಬಂದರಿಗೆ ಕರೆದುಕೊಂಡು ಹೋಗಬೇಕು. ಅಷ್ಟರಲ್ಲಿ ಎಡವಟ್ಟಾಯಿತು.

ಚೆನ್ನೈನ ಕನ್ನಡ ಸಭೆ ದೊಡ್ಡದೇನಲ್ಲ. ಹತ್ತಿಪ್ಪತ್ತು ಮನೆ. ರೈಲ್ವೆಯವರು, ಬ್ಯಾಂಕಿನವರು, ಈಚೆಗೆ ಬಂದ ಒಂದಿಬ್ಬರು ಕಂಪ್ಯೂಟರಿನವರು. ತಮಿಳರ ಆರಾಧನೆ ಮುಗಿದ ಮೇಲೆ ಅದೇ ಚರ್ಚಿನ ಬೆಂಚುಗಳಲ್ಲಿ, ಅವರ ಬೆವರಿನ ಬಿಸಿ ಆರುವ ಮೊದಲೇ ಇವರು ಕೂರುತ್ತಾರೆ. ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನಾ ಕೂಟ. ಆ ತಿಂಗಳು ರತ್ನಾವತಿಯ ಮನೆಯ ಸರದಿ. ಬಿಸಿಬೇಳೆಬಾತಿನ ಪರಿಮಳ ಮೆಟ್ಟಿಲ ತನಕ ಇಳಿದಿತ್ತು. ಸಭೆಯ ಹಿರಿಯ, ಬ್ಯಾಂಕಿನಿಂದ ನಿವೃತ್ತರಾದ ಸುಬ್ರಾಯರು ಪ್ರಾರ್ಥನೆಗೆ ನಿಂತರೆ ಚೆನ್ನೈನಿಂದ ಹೊರಟು, ದಿಲ್ಲಿಯಲ್ಲಿ ಮಂತ್ರಿಗಳನ್ನು ಮಾತಾಡಿಸಿ, ಜೆರುಸಲೇಮಿನವರೆಗೂ ಹೋಗಿಯೇ ಬರುವವರು. ಅಂದೂ ಹೋಗಿ ಬಂದರು. ಬಾತು ಆರಿತು.

"ಈಗ ಮಕ್ಕಳಲ್ಲಿ ಒಬ್ಬರು. ಮೌನಾ, ನೀನು ಮಾಡಮ್ಮ" ಅಂದರು.

ಮೌನ ಎದ್ದು ನಿಂತಳು. ತುಂಬಿದ ಮನೆಯ ಕಣ್ಣುಗಳೆಲ್ಲ ಮುಚ್ಚಿಕೊಂಡವು.

"ಕರ್ತನೇ, ಬೆಕ್ಕು ಮರಿ ಹಾಕಿದೆ. ನಾಲ್ಕು. ಒಂದಕ್ಕೆ ಕಣ್ಣು ಸರಿಯಾಗಿ ಬಿಟ್ಟಿಲ್ಲ, ಅದನ್ನ ನೋಡ್ಕೊ. ಅಟ್ಟದ ಮೇಲೆ ಅಂಕಲ್‌ದು ನೀಲಿ ಕೋಟು ಇತ್ತಲ್ಲ, ಅದರೊಳಗೆ ಇದಾವೆ. ಬೆಕ್ಕಿಗೆ ಆ ಕೋಟು ತುಂಬಾ ಇಷ್ಟ. ನಾನೇ ಹಾಸಿಕೊಟ್ಟೆ. ಅದಕ್ಕೇ ಆ ಅಂಕಲ್‌ಗೆ ಕೋಟು ಕ್ರಿಸ್ಮಸ್ ವರೆಗೂ ಬೇಡ ಅನ್ನೋ ಹಾಗೆ—"

"ಏನು? ನನ್ನ ಕೋಟನ್ಯಾಗ?"

ಪ್ರತಾಪ ಎದ್ದು ನಿಂತಿದ್ದ. ಕೂಗಿದವನು ತಾನೇ ಎಂಬುದು ಅವನಿಗೆ ಆಮೇಲೆ ತಿಳಿಯಿತು. ಗದುಗಿನ ದರ್ಜಿ ಮದುವೆಗೆಂದು ಹೊಲಿದುಕೊಟ್ಟ, ಅವನ ಜೀವನದ ಏಕೈಕ ಕೋಟು ಅದು. ನಂತರ ಸುಬ್ರಾಯರ ಹೊಟ್ಟೆಯಿಂದ ಒಂದು ನಗು ಹೊರಟಿತು. ಹಿಂದೆಯೇ ಇಡೀ ಸಭೆ. ಯಾರೋ ಕೆಮ್ಮಿದರು, ಯಾರೋ "ಬೆಕ್ಕಿನ ಬಾಣಂತನ!" ಅಂದರು, ಸುಬ್ರಾಯರ ಕನ್ನಡಕ ಜಾರಿ ಚಾಪೆಗೆ ಬಿತ್ತು.

ಮೌನ ಕಣ್ಣು ಬಿಟ್ಟಳು. ಪ್ರತಾಪನನ್ನು ನೇರವಾಗಿ ನೋಡಿದಳು. ಅವನು ಇಷ್ಟು ದಿನ ಕಾದಿದ್ದ ನೋಟ. ಬಂದ ರೀತಿ ಮಾತ್ರ ಹೀಗೆ. ಆಮೆನ್ ಕೂಡ ಹೇಳದೆ ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಂದಿನಿಂದ ಸಂಜೆಯ ಪ್ರಾರ್ಥನೆಯಲ್ಲಿ ಅವಳ ಸರದಿ ಬಂದರೆ, "ಮನಸಲ್ಲೇ ಮಾಡ್ಕೊಂಡೆ" ಎಂಬ ಒಂದೇ ಮಾತು. ಕೊನೆಯ ತಂತಿಯೂ ಕಡಿದುಹೋಯಿತು.

ಪ್ರತಾಪ ಏಣಿ ಹಾಕಿ ಅಟ್ಟ ಹತ್ತಿ ನೋಡಿದ. ಕೋಟಿನ ಬಲತೋಳಿನಲ್ಲಿ ತಾಯಿ, ಒಳಜೇಬಿನ ಹತ್ತಿರ ಮರಿಗಳು. ತಾಯಿಬೆಕ್ಕು ಇವನನ್ನು ಬಾಡಿಗೆ ಕೇಳಲು ಬಂದ ಮಾಲೀಕನನ್ನು ನೋಡುವಂತೆ ನೋಡಿತು. ಕೆಳಗಿಳಿದು ಮೌನಳಿಗೆ, "ಕೋಟು ಬೆಕ್ಕಿಗೇ ಇರ್ಲಿ ಬಿಡವಾ, ನನಗ ಬ್ಯಾಡ" ಅಂದ. ಅವಳು ತಲೆ ಆಡಿಸಿದಳು. ಕ್ಲೇಮು ಮಂಜೂರಾಯಿತು, ಕಡತ ಮುಚ್ಚಿತು.

"ಕೋಟು ಯಾರು ಕೇಳಿದ್ರು?" ರತ್ನಾವತಿ ಕಿಡಿಕಾರಿದರು. "ಅವಳು ನಿನ್ನ ಹತ್ರ ಹೇಳಿದ್ದಲ್ಲ, ಅವನ ಹತ್ರ ಹೇಳ್ತಿದ್ಲು. ನೀನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡು ಮಧ್ಯೆ ನುಗ್ಗಿದ್ದೀಯ."

"ತಪ್ಪಾತ್ರಿ ಅತ್ತಿ."

"ನನಗ್ಯಾಕೆ ಹೇಳ್ತೀಯ? ತಪ್ಪಾಯ್ತು ಅಂತ ಮಗು ಹತ್ರ ಹೇಳೋಕೆ ನಿಮ್ಮ ಗದುಗಿನಲ್ಲಿ ಬಾಯಿ ಇರಲ್ವಾ?"

ಇರಲಿಲ್ಲ. ಅದೇ ತೊಂದರೆ. ಅಪ್ಪಂದಿರು ಮಕ್ಕಳಿಗೆ ತಪ್ಪಾಯಿತು ಅನ್ನುವುದನ್ನು ಅವನು ಕಂಡಿರಲಿಲ್ಲ, ಕೇಳಿರಲಿಲ್ಲ. ಪ್ರಾರ್ಥನೆಯಲ್ಲಿ ಹೇಳಿದರೆ ಸುಲಭವಾದೀತೆಂದು ಆ ಸಂಜೆ ಪ್ರಯತ್ನಿಸಿದ. "ಸರ್ವಶಕ್ತನಾದ ದೇವರೇ, ಗತ ಕೂಟದಲ್ಲಿ ಈ ದಾಸನಿಂದ ಉಂಟಾದ ಅಚಾತುರ್ಯವನ್ನು ಸಂಬಂಧಪಟ್ಟವರು ಮನ್ನಿಸುವಂತೆ ಕೃಪೆ ಮಾಡಬೇಕಾಗಿ—"

ಮೌನ ಅಮ್ಮನ ಬಳೆ ತಿರುಗಿಸುತ್ತಾ ಕೂತಿದ್ದಳು.

"ಅದು ಯಾರಿಗೆ ಅರ್ಥ ಆಯ್ತು?" ಆಮೇಲೆ ಅತ್ತೆ ಕೇಳಿದರು. "ದೇವರೇ ಡಿಕ್ಷನರಿ ತೆಗೆದಿರಬೇಕು."

ಆ ಶನಿವಾರ ತಿಂಡಿಯ ಹೊತ್ತಿಗೆ ಪ್ರತಾಪ ದೋಸೆಯನ್ನು ನೋಡುತ್ತಾ, ದೋಸೆಗೇ ಹೇಳಿದಂತೆ ಹೇಳಿದ: "ನಾಳೆ ನಸುಕಿನಾಗ ಕಾಸಿಮೇಡಿಗೆ ಹೊಂಟೀನಿ. ಉದ್ದ ಮೀನ ಬರ್ತಾವಂತ. ನೋಡ್ಕೊಂಡು ಬರೋದು."

ಮೌನಳ ಬಾಯಿಯಲ್ಲಿದ್ದ ದೋಸೆ ಅಲ್ಲೇ ನಿಂತಿತು. ಅಮ್ಮನ ಕಡೆ ತಿರುಗಿ ತಮಿಳಲ್ಲಿ ಪಿಸುಗುಟ್ಟಿದಳು, ತಾನೂ ಬರುತ್ತೇನೆಂದು ಅವನಿಗೆ ಹೇಳು ಅಂತ.

"ನಾನೇನು ಅಂಚೆಪೆಟ್ಟಿಗೇನಾ?" ಕೃತಿ ಚಟ್ನಿ ಬಡಿಸುತ್ತಾ ಅಂದಳು. "ಎದುರಿಗೇ ಕೂತಿದ್ದಾರಲ್ಲ. ಕೇಳು."

ಕೇಳಲಿಲ್ಲ. ಆದರೆ ಭಾನುವಾರ ನಸುಕಿನಲ್ಲಿ ಪ್ರತಾಪ ಸ್ಕೂಟರ್ ಹೊರಗೆ ತೆಗೆದಾಗ, ಅಮ್ಮನ ಹೆಲ್ಮೆಟ್ಟಿನೊಳಗೆ ಮೂಗಿನವರೆಗೂ ಮುಳುಗಿದ ಒಂದು ಆಕೃತಿ ಗೇಟಿನ ಹತ್ತಿರ ನಿಂತಿತ್ತು, ಹೊಸ ಶೂ ಹಾಕಿಕೊಂಡು.

ಕಾಸಿಮೇಡು ಆಗಲೇ ಎದ್ದು ಅರ್ಧ ದಿನದ ಕೆಲಸ ಮುಗಿಸಿತ್ತು. ದೋಣಿಗಳಿಂದ ಬುಟ್ಟಿಗಳು ಇಳಿಯುತ್ತಿದ್ದವು. ಐಸು ಕುಟ್ಟುವವರು ಕುಟ್ಟುತ್ತಿದ್ದರು. ನೆಲದ ತುಂಬ ಮೀನಿನ ನೀರು. ಅಲ್ಲಲ್ಲಿ ಜನ ವೃತ್ತ ಕಟ್ಟಿ ನಿಂತು ಹರಾಜು ಕೂಗುತ್ತಿದ್ದರು, ಯಾರು ಕೊಳ್ಳುವವರು ಯಾರು ಜಗಳಾಡುವವರು ಹೊರಗಿನವನಿಗೆ ತಿಳಿಯುವಂತಿಲ್ಲ. ತುಂಗಭದ್ರೆಯ ಮೀನು ತಿಂದು ಬೆಳೆದ ಪ್ರತಾಪನಿಗೆ ಇಲ್ಲಿನ ಯಾವ ಮೀನಿನ ಹೆಸರೂ ಗೊತ್ತಿರಲಿಲ್ಲ. ಗೊತ್ತಿದ್ದವನಂತೆ ನಡೆದ.

"ಅಂಗಿ ಹಿಡ್ಕೋ. ಬಿಡಬ್ಯಾಡ" ಅಂದ. ಹಿಂದಿನಿಂದ ಅಂಗಿಯ ತುದಿಯನ್ನು ಒಂದು ಕೈ ಹಿಡಿಯಿತು. ಅಷ್ಟಕ್ಕೇ ಅವನಿಗೆ ಹಿಗ್ಗು.

ದೋಣಿಗಳು ನಿಲ್ಲುವ ದಕ್ಕೆಯ ಆಚೆ ತುದಿಯಲ್ಲಿ ದೊಡ್ಡ ಗುಂಪೊಂದು ನೆರೆದಿತ್ತು. ಏನೋ ದೊಡ್ಡದು ಬಂದಿರಬೇಕು. ಪ್ರತಾಪ ಭುಜ ಕೊಟ್ಟು ನುಗ್ಗಿದ, ಹಿಂದೆ ಎಳೆತ ಗಟ್ಟಿಯಾಗಿದೆ ಅಂದುಕೊಂಡೇ ನುಗ್ಗಿದ. ಮುಂದೆ ಹೋಗಿ ತಿರುಗಿ ನೋಡಿದರೆ, ಅವನ ಅಂಗಿ ಸಿಕ್ಕಿಕೊಂಡಿದ್ದದ್ದು ಒಬ್ಬ ಹಮಾಲಿಯ ಬುಟ್ಟಿಯ ಬಿದಿರಿಗೆ.

ಮೌನ ಇರಲಿಲ್ಲ.

ಈಚೆ ನೋಡಿದ. ಆಚೆ ನೋಡಿದ. ಸೊಂಟದೆತ್ತರದಲ್ಲಿ ಬರೀ ಬುಟ್ಟಿಗಳು, ಲುಂಗಿಗಳು, ಮೀನಿನ ಬಾಲಗಳು. ಪಕ್ಕದಲ್ಲೇ ಕಟ್ಟೆ, ಕಟ್ಟೆಯಾಚೆ ಎಣ್ಣೆ ತೇಲುವ ಕಪ್ಪು ನೀರು. "ಮೌನಾ!" ಎಂದು ಕೂಗಿದ, ಹರಾಜಿನವನ ಗಂಟಲಿನ ಮುಂದೆ ಅವನ ಗಂಟಲು ಇರುವೆ ಕೂಗಿದಂತೆ. ಪ್ರಾರ್ಥನೆ ಮಾಡಬೇಕು ಅನ್ನಿಸಿತು. ಸರ್ವಶಕ್ತನೂ ನೆನಪಾಗಲಿಲ್ಲ, ದೀನ ದಾಸನೂ ನೆನಪಾಗಲಿಲ್ಲ. ಕಣ್ಣು ಮುಚ್ಚುವಂತೆಯೂ ಇಲ್ಲ, ಮುಚ್ಚಿದರೆ ಹುಡುಗಿಯನ್ನು ಹುಡುಕುವವರು ಯಾರು? "ಅಪ್ಪಾ" ಅಂದ, ಗಟ್ಟಿಯಾಗಿಯೇ ಅಂದ. "ಅಪ್ಪಾ, ಎಲ್ಲಿದಾಳೋ, ಬಾರೋ, ಹುಡುಕಿಕೊಡೋ ಮಾರಾಯ." ಐಸಿನ ಗಾಡಿಯವನು ಅವನನ್ನು ವಿಚಿತ್ರವಾಗಿ ನೋಡಿ ದಾರಿ ಬಿಟ್ಟ.

ಆಗ ಇಡೀ ದಕ್ಕೆಗೆ ಕೇಳುವಂತೆ ಒಂದು ಕೀರಲು ದನಿ ತಮಿಳಲ್ಲಿ ಅವನನ್ನು ಕರೆಯಿತು.

"ಏಯ್ ಪ್ರತಾಪ್! ಪ್ರತಾಪ್! ಇಂಗ ವಾ!"

ಜನರ ತಲೆಗಳಿಗಿಂತ ಎತ್ತರದಲ್ಲಿ, ಬೋರಲು ಹಾಕಿದ ಮೀನಿನ ಪೆಟ್ಟಿಗೆಯ ಮೇಲೆ, ಹೆಲ್ಮೆಟ್ಟು ಕಂಕುಳಲ್ಲಿ ಇಟ್ಟುಕೊಂಡು ಮೌನ ನಿಂತಿದ್ದಳು. ಪಕ್ಕದಲ್ಲಿ ಮೂಗಿನ ಎರಡೂ ಕಡೆ ಮೂಗುತಿಯಿದ್ದ ಮೀನಿನ ಹೆಂಗಸೊಬ್ಬಳು ಸೊಂಟಕ್ಕೆ ಕೈಕೊಟ್ಟು ನಗುತ್ತಿದ್ದಳು. ಪ್ರತಾಪ ಮೀನಿನ ನೀರಿನಲ್ಲಿ ಎರಡು ಸಲ ಜಾರಿ, ಒಂದು ಸಲ ಒಬ್ಬರ ಬುಟ್ಟಿಯನ್ನೇ ತಬ್ಬಿಕೊಂಡು, ಅಲ್ಲಿಗೆ ಮುಟ್ಟಿದ.

"ಹೆಸರು ಹಿಡಿದು ಕೂಗ್ತಾಳೆ ನೋಡು!" ಎಂದು ಮೀನಿನ ಹೆಂಗಸು ತಮಿಳಲ್ಲಿ ಅವನಿಗೇ ದೂರು ಹೇಳಿದಳು. ನಡೆದದ್ದು ಇಷ್ಟು: ಮೌನ ಯಾರದೋ ಅಂಗಿ ಹಿಡಿದುಕೊಂಡು ಇಲ್ಲಿಯವರೆಗೆ ಬಂದಿದ್ದಾಳೆ. ತಲೆ ಎತ್ತಿದರೆ ಬೇರೆ ಗಡ್ಡ. "ಅಂಕಲ್!" ಎಂದು ಕೂಗಿದ್ದಾಳೆ, ಸುತ್ತ ಇದ್ದ ಅಷ್ಟೂ ಗಂಡಸರು ತಿರುಗಿದ್ದಾರೆ. ಆಗ ಈ ಹೆಂಗಸು ಅವಳನ್ನು ಪೆಟ್ಟಿಗೆಯ ಮೇಲೆ ಹತ್ತಿಸಿ, "ಉಂಗಪ್ಪಾ ಪೇರು ಎನ್ನ?" ಎಂದು ಕೇಳಿದ್ದಾಳೆ. ನಿಮ್ಮಪ್ಪನ ಹೆಸರೇನು? ಮೌನ ಹೆಸರು ಹೇಳಿದ್ದಾಳೆ. "ಹಾಗಾದ್ರೆ ಅದನ್ನೇ ಕೂಗು, ಜೋರಾಗಿ ಕೂಗು, ಇಲ್ಲಿ ಮೆಲ್ಲಗೆ ಕೂಗಿದ್ರೆ ಮೀನೂ ತಿರುಗಲ್ಲ" ಅಂದಿದ್ದಾಳೆ.

"ತಪ್ಪಾತು" ಅಂದ ಪ್ರತಾಪ, ಏದುಸಿರು ಬಿಡುತ್ತಾ. ಮಾತು ತಾನೇ ತಾನಾಗಿ ಬಂತು. "ನಾ ಹಿಂದ ತಿರುಗಿ ನೋಡಬೇಕಿತ್ತು. ಆವತ್ತು ಪ್ರಾರ್ಥನ್ಯಾಗ ಕೂಗಬಾರದಿತ್ತು. ಎರಡೂ ನಂದs ತಪ್ಪು."

ಮೌನ ಸ್ವಲ್ಪ ಯೋಚಿಸಿದಳು. ಅಷ್ಟರಲ್ಲಿ ಮೀನಿನ ಹೆಂಗಸು, ಸಿಕ್ಕ ಗಿರಾಕಿಯನ್ನು ಬಿಡಬಾರದೆಂದು ಒಂದು ಮೀನು ಎತ್ತಿ ಪ್ರತಾಪನ ಮೂಗಿಗೆ ಹಿಡಿದು, ಎಷ್ಟು ತಾಜಾ ನೋಡು ಅಂದಳು. ಪ್ರತಾಪ ತಿಳಿದವನಂತೆ ಹುಬ್ಬು ಗಂಟಿಕ್ಕಿ ಅದರ ಹೊಟ್ಟೆ ಒತ್ತಿದ.

"ಎಂಗಪ್ಪಾವುಕ್ಕು ಮೀನ್ ಪತ್ತಿ ಒಣ್ಣುಮೇ ತೆರಿಯಾದು" ಅಂದಳು ಮೌನ.

ನಮ್ಮಪ್ಪನಿಗೆ ಮೀನಿನ ಬಗ್ಗೆ ಏನೂ ಗೊತ್ತಿಲ್ಲ. ಸುತ್ತಲಿನವರು ಘೊಳ್ಳೆಂದು ನಕ್ಕರು. ಪ್ರತಾಪನೂ ನಕ್ಕ, ಎಲ್ಲರಿಗಿಂತ ಜೋರಾಗಿ, ಸ್ವಲ್ಪ ಹೆಚ್ಚು ಹೊತ್ತು. ಜನರೆದುರು ಇಷ್ಟು ದೊಡ್ಡ ಅವಮಾನ ಅವನಿಗೆ ಯಾವತ್ತೂ ಆಗಿರಲಿಲ್ಲ. ಇಂಥದ್ದೇ ಇನ್ನೊಂದು ಆಗಲಿ ಎಂದು ಕಾಯುವಂತೆ ನಿಂತಿದ್ದ.

ಮೌನ ಅವನ ಅಂಗಿಯ ತೋಳು ಜಗ್ಗಿದಳು. ಈ ಸಲ ಕನ್ನಡದಲ್ಲಿ ಹೇಳಿದಳು, ಕಣ್ಣು ಪೂರಾ ಬಿಟ್ಟುಕೊಂಡು.

"ಎತ್ಕೊ. ಅಲ್ಲೇನೋ ದೊಡ್ಡದು ಇದೆ. ನಂಗೆ ಕಾಣಿಸ್ತಿಲ್ಲ."

ಎತ್ತಿಕೊಂಡ. ಹೆಗಲ ಮೇಲೆ ಕೂರಿಸಿಕೊಂಡ. ಮೀನಿನ ನೀರು ಮೆತ್ತಿದ ಹೊಸ ಶೂ ಅವನ ಎದೆಯ ಮೇಲೆ ಎರಡು ಮುದ್ರೆ ಒತ್ತಿತು. ಗುಂಪಿನ ನಡುವೆ, ಹಸಿ ನೆಲದ ಮೇಲೆ, ಕತ್ತಿಯಂಥ ಮೂತಿಯೂ ನವಿಲುಗರಿಯಂಥ ನೀಲಿ ರೆಕ್ಕೆಯೂ ಇದ್ದ ಮೀನೊಂದು ಮಲಗಿತ್ತು. ಮಯಿಲ್ ಮೀನು, ಅಂದರೆ ನವಿಲು ಮೀನು, ಎಂದು ಯಾರೋ ಹೇಳಿದರು. ಮೌನಳಿಗಿಂತ ಉದ್ದ, ಪ್ರತಾಪನಿಗಿಂತಲೂ ಉದ್ದ ಇದ್ದೀತು.

"ನಿಜ!" ಮೌನ ಅವನ ಕೂದಲು ಹಿಡಿದು ಕೂಗಿದಳು. "ನಿಜಾನೇ! ಇನ್ನೂ ಹತ್ರ ಹೋಗು. ಈ ಕಡೆ ತಿರುಗು. ಬೆಕ್ಕಿಗೆ ನೆತ್ತಿಲಿ ಮೀನು ತಗೋ. ಚಿಕ್ಕದು, ಮರಿಗೂ ಆಗತ್ತೆ. ನಂಗೆ ಆ ಹಳದಿ ಬಾಲದ್ದು. ಅಜ್ಜಿಗೆ ಏಡಿ ಬೇಡ, ಹೋದ್ಸಲ ಹೊಟ್ಟೆ ಕೆಟ್ಟಿತ್ತು."

ವಾಪಸು ಬರುವಾಗ ಸ್ಕೂಟರಿನ ಮುಂದೆ ನಿಂತವಳ ಬಾಯಿ ಪೆರಂಬೂರಿನವರೆಗೂ ನಿಲ್ಲಲಿಲ್ಲ. ಹಾರ್ನ್ ಹೊಡಿ ಅಂದಳು, ತಾನೇ ಹೊಡೆದಳು. ನೀರು ಕೇಳಿದಳು. ಮುಂದಿನ ವಾರವೂ ಬರೋಣ ಅಂದಳು, ಇಲ್ಲ ಮುಂದಿನ ವಾರ ಬೀಚು ಅಂದಳು. ಪ್ರತಾಪನಿಗೆ ತೊಂದರೆಯಾಗುತ್ತಿತ್ತೇ? ಆಗುತ್ತಿತ್ತು; ಅವಳ ತಲೆ ಅಡ್ಡ ಬಂದು ರಸ್ತೆ ಕಾಣುತ್ತಿರಲಿಲ್ಲ. ಆದರೂ ಇನ್ನಷ್ಟು ಕೇಳಲಿ ಅನ್ನಿಸುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತಾಗ ಅವನಿಗೆ ಒಂದು ವಿಷಯ ಹೊಳೆದು, ಹೊಳೆದ ಮೇಲೆ ನಾಚಿಕೆಯಾಯಿತು. ಇಷ್ಟು ವರ್ಷ ತಾನು ಹೊಸ್ತಿಲಾಚೆ ಕೈಕಟ್ಟಿ ನಿಂತು ಬಿನ್ನವಿಸುತ್ತಿದ್ದಾಗ ಒಳಗಿದ್ದಾತ ಮೇಜಿನ ಹಿಂದೆ ಕೂತಿರಲಿಲ್ಲವೇನೋ. ಬಾಗಿಲಿಗೆ ಚಿಲಕವೇ ಹಾಕದೆ, ಇವನು ಯಾವಾಗ ನುಗ್ಗುತ್ತಾನೆಂದು ಕಿವಿ ನಿಮಿರಿಸಿ ಕೂತಿದ್ದನೇನೋ, ದಿನವೂ ಸಂಜೆ, ತನ್ನ ಹಾಗೆಯೇ. ಪಾಪ, ಅವನಿಗೂ ಸಾಕಾಗಿರಬೇಕು ಆ ಸರ್ವಾಧಿಕಾರಿ ಗಿರ್ವಾಧಿಕಾರಿ ಎಲ್ಲ.

ಸ್ನಾನ ಮಾಡಿ ಹೋದರೂ ಆರಾಧನೆಯಲ್ಲಿ ಮೀನಿನ ವಾಸನೆ ಬಿಡಲಿಲ್ಲ. ಸುಬ್ರಾಯರು ಮೊದಲ ಕೀರ್ತನೆಗೇ ಒಂದು ಬೆಂಚು ಹಿಂದೆ ಸರಿದರು.

ಮಧ್ಯಾಹ್ನ ಮನೆಯಲ್ಲಿ ಹಳದಿ ಬಾಲದ ಮೀನು ಹುಳಿಯಲ್ಲಿ ಕುದಿದು, ಉಳಿದದ್ದು ಕಾವಲಿಯ ಮೇಲೆ ಹುರಿದು, ತಟ್ಟೆಗೆ ಬಂತು. ಅಟ್ಟದ ಮೇಲಿಂದ ನೆತ್ತಿಲಿ ಜಗಿಯುವ ಸದ್ದು ಕೇಳುತ್ತಿತ್ತು.

"ಪ್ರಾರ್ಥನೆ ಮಾಡಿ ತಿನ್ನಿ. ಚಿಕ್ಕೋರಿಂದ" ಅಂದರು ರತ್ನಾವತಿ, ಈ ಸಲವೂ 'ಮನಸಲ್ಲೇ' ಎಂದು ಬರುತ್ತದೆಂದುಕೊಂಡು.

ಮೌನ ಕೈ ಜೋಡಿಸಿದಳು. "ಕರ್ತನೇ, ಮೀನು ನೋಡಿದೆ. ಚೆನ್ನಾಗಿ ಮಾಡಿದೀಯ. ಮೂತಿ ಸ್ವಲ್ಪ ಜಾಸ್ತಿ ಆಯ್ತು. ಮರಿಗೆ ಇನ್ನೊಂದು ಕಣ್ಣೂ ಬಿಡ್ತು, ಸ್ತೋತ್ರ. ಮೀನಿನ ವಿಷಯ ಫೋಟೋ ಅಪ್ಪಂಗೂ ಹೇಳು. ಆಮೆನ್."

ಕೃತಿ ತಲೆ ಎತ್ತಿ ಗೂಡಿನ ಕಡೆ ನೋಡಿದಳು, ಪ್ರತಾಪನ ಕಡೆ ನೋಡಿದಳು, ಮತ್ತೆ ತಲೆ ತಗ್ಗಿಸಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಪ್ರತಾಪ ಮಾತ್ರ ಇನ್ನೂ ಕಾಯುತ್ತಿದ್ದ. 'ಆ ಅಂಕಲ್‌ಗೆ ಹೇಳು' ಬರಲೇ ಇಲ್ಲ. ಅಷ್ಟು ದಿನದ ಅಭ್ಯಾಸ, ಏನೋ ತಪ್ಪಿಹೋದಂತಾಯಿತು.

"ಪ್ರತಾಪಾ, ನೀನು."

ಅವನು ಗಂಟಲು ಸರಿಮಾಡಿಕೊಂಡ. ರತ್ನಾವತಿ ಸಾರಿನ ಪಾತ್ರೆಗೆ ಮುಚ್ಚಳ ಹಾಕಿದರು, ಆರದಿರಲೆಂದು.

"ಸರ್ವಶ—" ಎಂದು ಶುರುಮಾಡಿದವನು ನಿಲ್ಲಿಸಿದ. ಆಮೇಲೆ ಗದುಗಿನ ಮನೆಯಲ್ಲಿ ಯಾವತ್ತೂ ಯಾರ ಹತ್ತಿರವೂ ಆಡದ ಮಾತು ಆಡಿದ:

"ಅಪ್ಪಾ, ಭಾಳ ಹಸಿವಾಗೈತಿ. ಹುಡುಗಿ ಸಿಕ್ಕಳು. ಖುಷಿ ಆಗೈತಿ. ಹಿಂಗs ನೋಡ್ಕೋ. ಆಮೆನ್."

"ಮುಗೀತಾ?" ರತ್ನಾವತಿ ಕಣ್ಣು ಬಿಟ್ಟರು.

"ಮುಗೀತ್ರಿ."

"ಅಷ್ಟೇನಾ?"

"ಅಷ್ಟs ಐತ್ರಿ ಇವತ್ತು."

"ಸ್ತೋತ್ರ!" ಅಂದರು ರತ್ನಾವತಿ. ಅಳಿಯನ ಪ್ರಾರ್ಥನೆಯ ನಂತರ ಬಿಸಿ ಸಾರು ಬಡಿಸಿದ್ದು ಅದೇ ಮೊದಲು.

ಪ್ರತಾಪ ಮೊದಲ ತುತ್ತು ಕಲಸುವಷ್ಟರಲ್ಲಿ ಅವನ ತಟ್ಟೆಯ ಅಂಚಿನಿಂದ ಒಂದು ಪುಟ್ಟ ಕೈ ಒಳಗೆ ಬಂತು. ಪ್ರಾರ್ಥನೆಯಿಲ್ಲ, ಬಿನ್ನಹವಿಲ್ಲ, ದಯವಿಟ್ಟು ಕೂಡ ಇಲ್ಲ.

"ದೊಡ್ಡ ತುಂಡು ನಂಗೆ" ಅಂದಳು ಮೌನ. ಅವನು ಕೊಡುವ ಮೊದಲೇ ಎತ್ತಿಕೊಂಡಿದ್ದಳು.